ಬೋಣಿಗೆಯ ಕೈ

ಕಾಂದಿವಲಿ ಪೂರ್ವದ ಇಂಡಸ್ಟ್ರಿಯಲ್ ಎಸ್ಟೇಟಿನ ಹಿಂಬದಿಯ ಚಾಳಿನಲ್ಲಿ ಬಸಲಿಂಗವ್ವನಿಗೆ ಎರಡು ಹೆಸರುಗಳಿದ್ದವು. ಎಸ್ಟೇಟಿನ ಸಣ್ಣ ಕಾರ್ಖಾನೆಗಳಲ್ಲಿ ದುಡಿಯುತ್ತ, ಮಧ್ಯಾಹ್ನ ಅವಳ ಬಾಗಿಲಿಗೆ ಬಂದು ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಸಿಕೊಂಡು ಹೋಗುವವರಿಗೆ ಅವಳು ರೊಟ್ಟಿ ಅವ್ವ. ಇಂಡಿ, ಸಿಂದಗಿಯ ಕಡೆಯಿಂದ ಬಂದು ಇಲ್ಲಿ ಸಣ್ಣಪುಟ್ಟ ಅಂಗಡಿ ಇಟ್ಟುಕೊಂಡವರಿಗೆ ಬೋಣಿಗೆಯ ಅವ್ವ. ಎರಡನೆಯ ಹೆಸರಿನಿಂದ ಅವಳಿಗೆ ಬಿಡಿಗಾಸೂ ಹುಟ್ಟುತ್ತಿರಲಿಲ್ಲ. ಆದರೂ ಅವಳು ಆ ಓಣಿಯಲ್ಲಿ ತಲೆಯೆತ್ತಿ ನಡೆಯುತ್ತಿದ್ದದ್ದು ಅದರ ಬಲದಿಂದ.

ದಿನದ ಮೊದಲ ವ್ಯಾಪಾರವೇ ಬೋಣಿಗೆ. ಆ ದುಡ್ಡನ್ನು ಅಂಗಡಿಕಾರ ಕಣ್ಣಿಗೊತ್ತಿಕೊಂಡು, ತಕ್ಕಡಿಗೆ ಮುಟ್ಟಿಸಿ ಪೆಟ್ಟಿಗೆಗೆ ಹಾಕುತ್ತಾನೆ. ಮೊದಲ ಗಿರಾಕಿಯ ಕೈ ಹೇಗೋ ದಿನ ಹಾಗೆ ಎಂಬ ನಂಬಿಕೆ. ಹೊಸ ಅಂಗಡಿಯಾದರೆ ಅದರ ಆಯುಷ್ಯವೇ ಆ ಕೈಯಲ್ಲಿದೆ ಎಂದು ಭಾವಿಸಿ ತಕ್ಕವರನ್ನು ಮೊದಲೇ ಗೊತ್ತುಮಾಡಿ ಕರೆಸುತ್ತಾರೆ. ವಿಧವೆಯನ್ನು ಯಾರೂ ಕರೆಯುವುದಿಲ್ಲ. ಬಸಲಿಂಗವ್ವ ವಿಧವೆ. ಅವಳ ಗಂಡ ದಾನಪ್ಪ ಲೋಹಕ್ಕೆ ಹೊಳಪಿನ ಲೇಪ ಕೊಡುವ ಕಾರ್ಖಾನೆಯ ಹೊಗೆಯನ್ನು ವರ್ಷಗಟ್ಟಲೆ ಕುಡಿದು ಕೆಮ್ಮುತ್ತಲೇ ಸತ್ತಿದ್ದ.

ಅವಳ ಕೈಗೆ ಹೆಸರು ಬಂದದ್ದು ಆಕಸ್ಮಿಕವಾಗಿ. ಹಣಮಂತ ಕಿರಾಣಿ ಅಂಗಡಿ ತೆರೆದ ದಿನ, ಗೊತ್ತುಮಾಡಿದ್ದ ಮುತ್ತೈದೆಯೊಬ್ಬಳು ಲೋಕಲ್ ರೈಲು ತಡವಾಗಿ ಇನ್ನೂ ಬಂದಿರಲಿಲ್ಲ. ಒಲೆಯ ಮೇಲೆ ಎಸರಿಟ್ಟು ಬೆಲ್ಲಕ್ಕೆಂದು ಓಡಿಬಂದ ಬಸಲಿಂಗವ್ವ ಏನೂ ಯೋಚಿಸದೆ ದುಡ್ಡು ಚಾಚಿಬಿಟ್ಟಳು. ಹಣಮಂತನ ಮುಖ ಕಪ್ಪಿಟ್ಟಿತು. ಆದರೆ ವರ್ಷ ತಿರುಗುವುದರೊಳಗೆ ಅವನು ಪಕ್ಕದ ಅಂಗಡಿಯನ್ನೂ ಹಿಡಿದ. "ಅವ್ವಾ, ನಿನ್ನ ಕೈಯಾಗ ಲಕ್ಷ್ಮಿ ಅದಾಳ. ನಾ ಅವತ್ತ ನಿನ್ನ ಬೈಯಾಂವಿದ್ದೆ, ದೇವರು ನಾಲಿಗಿ ಹಿಡದಾ" ಎಂದು ಅವನು ಓಣಿಯ ತುಂಬ ಹೇಳಿಕೊಂಡು ತಿರುಗಿದ. ಅದೇ ವರ್ಷ ಮುನಿಸಿಪಾಲಿಟಿಯವರು ರಸ್ತೆ ಅಗಲಿಸಿ ಬಸ್ ಸ್ಟಾಪನ್ನು ಅವನ ಅಂಗಡಿಯ ನೇರ ಎದುರಿಗೆ ತಂದು ನಿಲ್ಲಿಸಿದ್ದರು. ಬಸ್ ಸ್ಟಾಪಿಗೆ ಕೈ ಮುಗಿಯುವ ಪದ್ಧತಿ ನಮ್ಮಲ್ಲಿಲ್ಲ.

ಹಾಗೆ ಶುರುವಾಯಿತು. ಹಿಟ್ಟಿನ ಗಿರಣಿ, ಇಸ್ತ್ರಿ ಅಂಗಡಿ, ಸಾವಜಿ ಖಾನಾವಳಿ, ಬೀಡಾ ಅಂಗಡಿ. ಮದುವೆಯಲ್ಲಿ ಅಕ್ಕಿಕಾಳು ಹಾಕುವಾಗ ಅವಳನ್ನು ಕಂಬದ ಮರೆಗೆ ಸರಿಸುತ್ತಿದ್ದ ಅದೇ ಜನ, ಅಂಗಡಿಯ ಬಾಗಿಲು ತೆರೆಯುವಾಗ ಕೈ ಹಿಡಿದು ಮುಂದಕ್ಕೆ ತಂದು ನಿಲ್ಲಿಸುತ್ತಿದ್ದರು. ಅವಳು ಮೊದಲ ದುಡ್ಡು ಕೊಟ್ಟ ಅಂಗಡಿಗಳಲ್ಲಿ ಒಂದು ಬಳೆ ಅಂಗಡಿ ಆರು ತಿಂಗಳಲ್ಲಿ ಮುಚ್ಚಿತು. ಮೊಬೈಲ್ ರಿಪೇರಿಯ ಹುಡುಗನೊಬ್ಬ ಬಾಡಿಗೆ ಕಟ್ಟಲಾರದೆ ಊರಿಗೆ ಹೋದ. ಹೋದವರು ಮುಂದಿನ ಅಂಗಡಿಯ ಪೂಜೆಗೆ ಬಂದು ಸಾಕ್ಷಿ ಹೇಳುವುದಿಲ್ಲ. ಉಳಿದವರು ಹೇಳುತ್ತಾರೆ, ಪ್ರತಿವರ್ಷ, ಇನ್ನಷ್ಟು ಗಟ್ಟಿಯಾಗಿ.

ಬಸಲಿಂಗವ್ವ ಪೆದ್ದಿಯಲ್ಲ. ರೊಟ್ಟಿ ಬಡಿದು ಬಡಿದು ಗಂಟುಬಿದ್ದ ತನ್ನ ಬೆರಳುಗಳನ್ನು ನೋಡಿಕೊಂಡು ಅವಳು ಎಷ್ಟೋ ಸಲ ಒಳಗೇ ನಕ್ಕಿದ್ದಳು. ಆದರೆ ಕರೆದಾಗ ಇಲ್ಲವೆಂದವಳಲ್ಲ. ಕಂಬದ ಮರೆಯಲ್ಲಿ ನಿಂತವರಿಗೆ ಮಾತ್ರ ಅದರ ಕಾರಣ ಗೊತ್ತಾದೀತು. ಒಂದು ನಿಯಮವನ್ನು ಮಾತ್ರ ಅವಳು ತಾನಾಗಿ ಹಾಕಿಕೊಂಡಿದ್ದಳು: ತನ್ನವರಿಗೆ ಬೋಣಿಗೆ ಮಾಡುವುದಿಲ್ಲ. "ತನ್ನವರಿಗೆ ಕೈ ನಡಿಯೂದಿಲ್ಲ" ಎಂದು ಹೇಳುತ್ತಿದ್ದಳು. ನಿಜದಲ್ಲಿ, ತನ್ನವರ ಅಂಗಡಿ ಮುಚ್ಚಿದರೆ ಅವರು ಊರಿಗೆ ಹೋಗಿ ಕಣ್ಮರೆಯಾಗುವುದಿಲ್ಲ ಎಂಬ ಅರಿವು ಆ ನಿಯಮದ ಹಿಂದಿತ್ತು.

ಒಬ್ಬನೇ ಮಗ ಅನಿಕೇತ್ ಪವಾಯಿಯ ಕಂಪನಿಯೊಂದರಲ್ಲಿ ಕಂಪ್ಯೂಟರಿನ ಮುಂದೆ ಕೂರುವ ಕೆಲಸದಲ್ಲಿದ್ದ. ಮೂವತ್ತು ದಾಟಿತ್ತು. ಪ್ರತಿ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೊರಳಿಗೆ ಆಫೀಸಿನ ಗುರುತಿನ ಪಟ್ಟಿ ಹಾಕಿಕೊಂಡು, ಕೈಯಲ್ಲಿ ನೀರಿನ ಡಬ್ಬಿ ಹಿಡಿದು ಚಾಳಿನ ಸಾರ್ವಜನಿಕ ಪಾಯಖಾನೆಯ ಸಾಲಿನಲ್ಲಿ ನಿಲ್ಲುತ್ತಿದ್ದ. ಆಫೀಸಿನ ಕಿಟಕಿಯಿಂದ ಕೆರೆಯೂ, ಕೆರೆಯ ಸುತ್ತ ಎದ್ದ ಗೋಪುರದಂಥ ಕಟ್ಟಡಗಳೂ ಅವನಿಗೆ ಕಾಣುತ್ತಿದ್ದವು. ಈ ಎರಡರ ನಡುವೆ ದಿನವೂ ಓಡಾಡುವವನಿಗೆ ಹುಚ್ಚು ಹಿಡಿಯದಿದ್ದರೆ ಅದೇ ಆಶ್ಚರ್ಯ.

ಒಂದು ಶನಿವಾರ ಅವನು ಪವಾಯಿಯ ಹೋಟೆಲೊಂದರ ತಂಪು ಸಭಾಂಗಣದಲ್ಲಿ ನಡೆದ ತರಗತಿಗೆ ಹೋದ. ಬಂಡವಾಳವಿಲ್ಲದವರೂ ಆಸ್ತಿಯಲ್ಲಿ ಹೂಡಿ ಬೆಳೆಯುವುದು ಹೇಗೆ ಎಂಬುದು ಪಾಠ. ಎಲ್ಲರೂ ಬರೀ 'ಸರ್' ಎನ್ನುತ್ತಿದ್ದ ಉಪನ್ಯಾಸಕ ವೇದಿಕೆಯ ಮೇಲೆ ತನ್ನ ಹಳೆಯ ಶಿಷ್ಯರನ್ನು ಸಾಲಾಗಿ ಕೂರಿಸಿದ್ದ. ಒಬ್ಬನಿಗೆ ನಾಲ್ಕು ಮನೆ, ಇನ್ನೊಬ್ಬನಿಗೆ ಏಳು. ಮಾವಿನ ಹೂಗೊಂಚಲಿನಲ್ಲಿ ನೂರಾರು ಹೂ ಬಿಡುತ್ತವೆ, ಕಾಯಿ ಕಟ್ಟುವುದು ಒಂದೋ ಎರಡೋ. ಆ ಒಂದು ಕಾಯಿಯನ್ನು ವೇದಿಕೆಗೆ ಕರೆದು 'ನೀನು ಹೇಗೆ ಕಾಯಾದೆ' ಎಂದು ಕೇಳಿದರೆ, ತನ್ನ ಶ್ರಮ, ಛಲ, ಬೆಳಿಗ್ಗೆ ಬೇಗ ಏಳುವ ಅಭ್ಯಾಸ ಇವನ್ನೆಲ್ಲ ಅದು ವಿವರವಾಗಿ ಹೇಳೀತು. ಉದುರಿದ ಹೂಗಳಿಗೆ ಮೈಕು ಕೊಡುವವರಿಲ್ಲ.

ಸರ್ ಕಲಿಸಿದ್ದು ಸರಳವಾಗಿತ್ತು. ಸ್ವಂತ ಹಣದಿಂದ ಬೆಳೆಯಲು ಹೊರಟವನು ಮುದುಕನಾಗುತ್ತಾನೆ. ಹತ್ತು ಜನರನ್ನು ಒಟ್ಟಿಗೆ ಒಬ್ಬ ಬಿಲ್ಡರನ ಬಾಗಿಲಿಗೆ ಕರೆದುಕೊಂಡು ಹೋಗು, ಅವನು ನೀನು ಕೊಳ್ಳುವ ಮನೆಯ ಬೆಲೆಯನ್ನು ಇಳಿಸುತ್ತಾನೆ. ಅದನ್ನು ಬಾಡಿಗೆಗೆ ಕೊಡು, ಬಾಡಿಗೆಯ ಬಲದಿಂದ ಎರಡನೆಯದನ್ನು ಹಿಡಿ. ಜನರನ್ನು ತರುವುದು ಹೇಗೆ? ಅಪರಿಚಿತರಿಗೆ ಜಾಹೀರಾತು ಬೇಕು, ಪರಿಚಿತರಿಗೆ ಒಂದು ಮುಖ ಸಾಕು. ನಿನ್ನ ಜನರ ನಡುವೆ ಯಾರ ಮಾತಿಗೆ ಮರುಪ್ರಶ್ನೆ ಇಲ್ಲವೋ ಆ ಮುಖವನ್ನು ಹುಡುಕು.

ಅನಿಕೇತನಿಗೆ ಹುಡುಕುವ ಅಗತ್ಯವೇ ಬೀಳಲಿಲ್ಲ.

ಮರುದಿನ ತಾಯಿ ಹಿಟ್ಟು ನಾದುತ್ತಿರುವಾಗ ಎದುರಿಗೆ ಬಂದು ಕುಕ್ಕರಗಾಲಲ್ಲಿ ಕುಳಿತ.

"ಅವ್ವಾ, ಸುನ್. ನೀ ಖಾಲಿ ಬೋಣಿ ಮಾಡು. ಬಾಕಿ ಸಬ್ ನಾ ನೋಡ್ತೀನಿ."

"ಎದಕ್ಕೋ ಬೋಣಿಗಿ? ನೌಕರಿ ಬಿಟ್ಟು ಕಿರಾಣಿ ಹಾಕ್ತೀ ಏನು?"

"ಕಿರಾಣಿ ನೈ. ಬಿಲ್ಡಿಂಗ್. ಬದಲಾಪುರದ ಮುಂದ. ನಮ್ಮ ಲೋಗ್ ಹತ್ತು ಮಂದಿ ಬುಕ್ ಮಾಡಿದ್ರ ನಮಗೂ ಒಂದು ಫ್ಲ್ಯಾಟ್, ಏಕ್‌ದಮ್ ಸಸ್ತಾ."

ಬಸಲಿಂಗವ್ವ ನಕ್ಕುಬಿಟ್ಟಳು. "ಬಿಲ್ಡಿಂಗಿಗೆ ಯಾರರ ಬೋಣಿಗಿ ಮಾಡ್ತಾರೇನೋ ಹುಚ್ಚಪ್ಪ? ಕೊತ್ತಂಬರಿ ಸಿವುಡ ಏನದು?"

"ನೀ ಸಮಝ್ ಮಾಡು ಅವ್ವಾ. ನಮ್ಮ ಜನ ಫ್ಲ್ಯಾಟ್ ನೋಡೂದಿಲ್ಲ. ನಿನ್ನ ನೋಡ್ತಾರ."

"ತನ್ನವರಿಗೆ ಕೈ ನಡಿಯೂದಿಲ್ಲ ಅಂತ ಗೊತ್ತಿಲ್ಲ ನಿನಗ?"

ಅದಕ್ಕೂ ಅವನಲ್ಲಿ ಉತ್ತರ ಸಿದ್ಧವಿತ್ತು. "ನಮ್ಮ ಫ್ಲ್ಯಾಟಿಗೆ ಬ್ಯಾಡ. ಬಾಜೂ ಮನಿ ಸೋಮವ್ವ ಮೌಶಿ ಫಸ್ಟ್ ಬುಕಿಂಗ್ ಮಾಡ್ಲಿ. ಆಕಿ ಸಲುವಾಗಿ ನೀ ಬೋಣಿ ಮಾಡು. ರೂಲ್ ಮುರಿಯೂದಿಲ್ಲ ನಾ?"

ಅವಳ ಕೈ ಹಿಟ್ಟಿನಲ್ಲಿ ನಿಂತಿತು. "ಮತ್ತ ಆ ಬಳಿ ಅಂಗಡಿ? ಮೊಬೈಲ್ ಹುಡುಗಂದು? ಅವೂ ನಾ ಮಾಡಿದ್ದ ಬೋಣಿಗಿ."

"ಅವು ಬಂದ್ ಆದವಲ್ಲಾ ಅವ್ವಾ. ಬಂದ್ ಆದದ್ದು ಯಾರ್ ಕೇಳ್ತಾರ?"

ಮಗ ಮೋಸಗಾರನಾಗಿದ್ದರೆ ಅವಳು ಅಂದೇ ಬೈದು ಎಬ್ಬಿಸುತ್ತಿದ್ದಳು. ಅವನು ನಂಬಿದ್ದ. ತಾನೂ ಬ್ಯಾಂಕಿನ ಸಾಲಕ್ಕೆ ಅರ್ಜಿ ಹಾಕಿದ್ದ. ಅವಳಿಗೆ ಕಂಡದ್ದು ಡಬ್ಬಿ ಹಿಡಿದು ಸಾಲಿನಲ್ಲಿ ನಿಂತ ಆ ಇಸ್ತ್ರಿಯ ಅಂಗಿ. ವಾರದ ಕೊನೆಗೆ ಅವನ ಫೋನಿನ ಎದುರು ಕುಳಿತು, ತನ್ನ ಕೈಯಿಂದ ಏಳಿಗೆಯಾದ ಐದು ಅಂಗಡಿಗಳ ಹೆಸರು ಹೇಳಿದಳು. ಮುಚ್ಚಿದ ಎರಡರ ಹೆಸರು ಹೇಳಲಿಲ್ಲ. ಆ ವಿಡಿಯೊ ವಿಜಯಪುರದ ಕಡೆಯವರ ಎಲ್ಲ ವಾಟ್ಸಾಪ್ ಗುಂಪುಗಳಲ್ಲೂ ಹರಿದಾಡಿತು.

ಸೋಮವ್ವ ಪಕ್ಕದ ಕೋಣೆಯವಳು. ಓಣಿಯ ಮೂಲೆಯಲ್ಲಿ ಕೈಗಾಡಿಯ ಮೇಲೆ ಕಾಯಿಪಲ್ಲೆ ಮಾರುತ್ತಿದ್ದಳು. ಎರಡು ಮನೆಗಳ ನಡುವೆ ಗೋಡೆ ಇತ್ತೆಂಬುದಷ್ಟೇ. ಒಂದು ಮನೆಯ ಒಗ್ಗರಣೆಗೆ ಇನ್ನೊಂದು ಮನೆಯವರು ಸೀನುತ್ತಿದ್ದರು. ಅವಳ ಗಂಡ ದುಡಿಯುತ್ತಿದ್ದ ಕಾರ್ಖಾನೆ ಗುಜರಾತಿಗೆ ಎದ್ದುಹೋದಾಗ ಸಿಕ್ಕ ಇಡಿಗಂಟು ಬ್ಯಾಂಕಿನಲ್ಲಿತ್ತು. ವಿಡಿಯೊ ನೋಡಿದ ಸಂಜೆ ಅವಳು ಬಂದು ಹೊಸ್ತಿಲ ಮೇಲೆ ಕುಳಿತಳು.

"ಬಸಲಿಂಗಿ, ರೊಕ್ಕ ಹಾಕ್ಲೇನ?"

"ಅನಿಕೇತ ಎಲ್ಲಾ ನೋಡ್ಯಾನಂತ. ಸರ್ಕಾರದಾಗ ನೋಂದಣಿ ಆಗೇತಂತ. ಓದಿದಾಂವ..."

"ಅವನ್ನ ಯಾರ ಕೇಳಿದ್ರು? ನಾ ನಿನ್ನ ಕೇಳಾಕತ್ತೀನಿ. ನೀ ಹೂಂ ಅಂದ್ರ ಹೂಂ, ಊಂಹೂಂ ಅಂದ್ರ ಊಂಹೂಂ."

ಬಸಲಿಂಗವ್ವ ತವೆಯ ಮೇಲಿನ ರೊಟ್ಟಿಯನ್ನು ಮಗುಚಿದಳು. ಅದು ಉಬ್ಬುವವರೆಗೆ ಕಾದಳು. ತನ್ನ ಕೈಯಲ್ಲಿ ಏನೂ ಇಲ್ಲವೆಂದು ಹೇಳಲು ಅವಳಿಗೆ ಅಷ್ಟು ಹೊತ್ತು ಸಿಕ್ಕಿತ್ತು.

"ಹೂಂ" ಎಂದಳು.

ಭಾನುವಾರ ಇಡೀ ತಂಡ ಹೊರಟಿತು. ದಾದರಿನಲ್ಲಿ ಗಾಡಿ ಬದಲಿಸಿ, ಬದಲಾಪುರದಲ್ಲಿಳಿದು, ರಿಕ್ಷಾಗಳಲ್ಲಿ ತುಂಬಿಕೊಂಡು ಗುಡ್ಡದ ಬುಡದ ಸೈಟಿಗೆ ಬಂದರು. ರೊಟ್ಟಿಯ ಗಂಟು ಬಸಲಿಂಗವ್ವನದೇ. ಹಣಮಂತ ದಾರಿಯುದ್ದಕ್ಕೂ ನಗಿಸುತ್ತಿದ್ದ: "ಇಷ್ಟ ದೂರ ಬಂದೀವಿ ಅಂದ್ರ ಇನ್ನೊಂದೀಟ ಹೋದ್ರ ನಮ್ಮ ಇಂಡೀನ ಬರತೈತಿ. ಅಲ್ಲೇ ಮನಿ ಕಟ್ಟಿಸಿದ್ರ ಮುಗೀತಿತ್ತಲ್ರೀ!"

ಸೈಟಿನಲ್ಲಿ ಕಟ್ಟಡವಿರಲಿಲ್ಲ, ಅಡಿಪಾಯದ ಗುಂಡಿಗಳಿದ್ದವು. ಒಂದು ಕ್ರೇನು, ಬಣ್ಣದ ಪೆಂಡಾಲು, ಅದರೊಳಗೆ ತೋರಿಸಲೆಂದೇ ಕಟ್ಟಿದ ಮಾದರಿ ಮನೆ. ಅದಕ್ಕೆ ಒಳಬಾಗಿಲುಗಳೇ ಇರಲಿಲ್ಲವಾದ್ದರಿಂದ ಕೋಣೆಗಳು ವಿಶಾಲವಾಗಿ ಕಾಣುತ್ತಿದ್ದವು. ದಣಿದಿದ್ದ ಸೋಮವ್ವ ಮಲಗುವ ಕೋಣೆಯ ಮಂಚದ ಮೇಲೆ ಮೈಚಾಚಿದಳು. ಅವಳ ಕಾಲು ಮೊಣಕಾಲಿನ ತನಕ ಮಂಚದಿಂದ ಆಚೆ ಬಂತು.

"ಯವ್ವಾ, ಇದು ಯಾರ ಮಂಚ? ತೊಟ್ಟಲದಾಗಿನ ಕೂಸಿಂದೇನು?"

ಎಲ್ಲರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ಕೋಣೆ ದೊಡ್ಡದಾಗಿ ಕಾಣಲೆಂದು ಮಂಚವನ್ನು ಗಿಡ್ಡವಾಗಿ ಮಾಡಿಸಿದ್ದರು. ಸಾಕ್ಷ್ಯ ಸೋಮವ್ವನ ಮೊಣಕಾಲಿನಿಂದ ಕೆಳಕ್ಕೆ ಎಲ್ಲರ ಕಣ್ಣೆದುರಿಗೇ ನೇತಾಡುತ್ತಿತ್ತು. ಆದರೆ ಅವರು ಮಂಚವನ್ನು ಪರೀಕ್ಷಿಸಲು ಬಂದವರಲ್ಲ. ತಮ್ಮ ಕಡೆಯ ಪರೀಕ್ಷೆಯನ್ನು ಅವರು ಜೊತೆಯಲ್ಲೇ ಕರೆತಂದಿದ್ದರು.

ಮೇಜಿನ ಬಳಿ ಬಸಲಿಂಗವ್ವ ಸೆರಗಿನ ತುದಿಯಿಂದ ನಾಣ್ಯವೊಂದನ್ನು ಬಿಚ್ಚಿ ತೆಗೆದು, ಸೋಮವ್ವನ ಹೆಸರು ಹೇಳಿ, ಬುಕಿಂಗಿನ ಹುಡುಗಿಯ ಕೈಗಿಟ್ಟಳು. ಅದನ್ನು ಏನು ಮಾಡಬೇಕೆಂದು ಆ ಹುಡುಗಿಗೆ ತಿಳಿಯಲಿಲ್ಲ. "ಆಂಟಿ, ಕ್ಯಾಶ್ ನಹೀ ಲೇತೇ" ಎಂದು ಹಿಂದಿರುಗಿಸಲು ಹೋದಳು. ಅನಿಕೇತ್ ಅವಳ ಕಿವಿಯಲ್ಲಿ ಏನೋ ಹೇಳಿದ ಮೇಲೆ ನಗುತ್ತ ಕಣ್ಣಿಗೊತ್ತಿಕೊಂಡಳು. ಎಲ್ಲರೂ ಚಪ್ಪಾಳೆ ತಟ್ಟಿದರು. ತಿಂಗಳೊಪ್ಪತ್ತಿನಲ್ಲಿ ಬೇಕಾದ ಹತ್ತು ಜನ ತುಂಬಿ, ಇನ್ನೊಬ್ಬರು ಹೆಚ್ಚಾದರು. ಹಣಮಂತನೂ ಒಂದು ಹಿಡಿದ. ಅನಿಕೇತನಿಗೆ ಅಗ್ಗದ ಮನೆ ಗೊತ್ತಾಯಿತು, ಸಾಲವೂ ಮಂಜೂರಾಯಿತು.

ಎರಡು ಮಳೆಗಾಲ ಕಳೆದವು. ಜಮೀನಿಗೆ ಇನ್ನೊಬ್ಬ ವಾರಸುದಾರ ಹುಟ್ಟಿಕೊಂಡು ಕೋರ್ಟಿಗೆ ಹೋದನೆಂದು ಮೊದಲು ಸುದ್ದಿ ಬಂತು. ಆಮೇಲೆ ಬಿಲ್ಡರನ ಆಫೀಸಿನ ಫೋನು ಮೌನವಾಯಿತು. ನೋಡಿಬರಲು ಹೋದವರಿಗೆ ಅಡಿಪಾಯದ ಗುಂಡಿಗಳಲ್ಲಿ ನಿಂತ ಹಸಿರು ನೀರು, ಅದರಲ್ಲಿ ಹೊರಳುವ ಎಮ್ಮೆಗಳು ಕಂಡವು. ಕ್ರೇನನ್ನು ಬಾಡಿಗೆಯವನು ಒಯ್ದಿದ್ದ. ಮಾದರಿ ಮನೆ ಮಾತ್ರ ಒಳಬಾಗಿಲಿಲ್ಲದೆ ಹಾಗೆಯೇ ನಿಂತಿತ್ತು. ಸರ್ಕಾರದ ಪ್ರಾಧಿಕಾರಕ್ಕೆ ದೂರು ಕೊಟ್ಟರು. ತಾರೀಖಿನ ಮೇಲೆ ತಾರೀಖು ಬಿದ್ದಿತು.

ಈಗ ಒಂದು ನಿರ್ಣಯಕ್ಕೆ ಬರಲು ಓಣಿಯ ಜನರಿಗೆ ಒಳ್ಳೆಯ ಅವಕಾಶವಿತ್ತು: ಕೈಯಲ್ಲಿ ಏನೂ ಇರಲಿಲ್ಲ, ಎಂದೂ ಇರಲಿಲ್ಲ. ಅವರು ಬಂದ ನಿರ್ಣಯ ಬೇರೆ. ಹಣಮಂತನ ಅಂಗಡಿಯ ಕಟ್ಟೆಯ ಮೇಲೆ ಅದು ಸಿದ್ಧವಾಯಿತು. "ತನ್ನವರಿಗೆ ಕೈ ನಡ್ಯಾಂಗಿಲ್ಲ ಅಂತ ಆಕೀನ ಹೇಳ್ತಿದ್ಲು. ಹೆಸರ ಸೋಮವ್ವಂದು, ಲಾಭ ಮಗಂದು. ದೇವರಿಗೆ ಕಾಣೂದಿಲ್ಲೇನು? ಕೈ ಮಾರ್ಕೊಂಡ್ಲು. ಇನ್ನ ಆ ಕೈ ಕೆಟ್ಟತ್ರೀ."

ಗೆದ್ದರೆ ಕೈಯ ಗುಣ, ಸೋತರೆ ಕೈ ಕೆಟ್ಟ ಕಾರಣ. ಯಾವ ಫಲಿತಾಂಶ ಬಂದರೂ ಕದಲದ ಸಿದ್ಧಾಂತವನ್ನು ವಿಜ್ಞಾನ ಬಾಗಿಲಾಚೆ ನಿಲ್ಲಿಸುತ್ತದೆ. ಓಣಿ ಅದನ್ನು ಮಣೆ ಹಾಕಿ ಕೂರಿಸುತ್ತದೆ. ಹಣಮಂತನ ಎದುರಿನ ಬಸ್ ಸ್ಟಾಪಿನಲ್ಲಿ ಜನ ಇಳಿಯುತ್ತಲೇ ಇದ್ದರು, ಅವನ ವ್ಯಾಪಾರ ನಡೆದೇ ಇತ್ತು. ಆ ದೀಪಾವಳಿಗೆ ಎಸ್ಟೇಟಿನ ಗೇಟಿನ ಬಳಿ ಎರಡು ಹೊಸ ಅಂಗಡಿಗಳು ತೆರೆದವು. ಯಾರೂ ಬಸಲಿಂಗವ್ವನನ್ನು ಕರೆಯಲಿಲ್ಲ. ಹೊರಡುವುದಕ್ಕೆಂದು ಅವಳು ಉಟ್ಟುಕೊಂಡಿದ್ದ ಇಳಕಲ್ ಸೀರೆಯನ್ನು ಮಧ್ಯಾಹ್ನ ಮಡಿಚಿಟ್ಟಳು.

ಅನಿಕೇತನ ಕಂತು ಮಾತ್ರ ತಿಂಗಳು ತಿಂಗಳು ತಪ್ಪದೆ ಕಟ್ ಆಗುತ್ತಿತ್ತು, ಇಲ್ಲದ ಮನೆಗೆ. ಅದನ್ನು ತುಂಬಲು ಅವನು ಅದೇ ಸರ್ ಬಳಿ ಹೋದ. ಸರ್ ಅವನನ್ನು ಸಂತೋಷದಿಂದ ವೇದಿಕೆಗೆ ಹತ್ತಿಸಿಕೊಂಡ. ಒಂದೇ ತಿಂಗಳಲ್ಲಿ ಅಷ್ಟು ಬುಕಿಂಗ್ ತಂದ ಹೊಸಬ ಬೇರೆ ಯಾರಿದ್ದರು? ಆ ಸಭಾಂಗಣದಲ್ಲಿ ಎಣಿಸುತ್ತಿದ್ದದ್ದು ಬುಕಿಂಗುಗಳನ್ನು, ಮನೆಗಳನ್ನಲ್ಲ. ಈಗ ಶನಿವಾರಗಳಂದು ಅನಿಕೇತ್ ಅಲ್ಲಿ ಪಾಠ ಹೇಳುತ್ತಾನೆ. ಅವನ ಪಾಠದ ನಡುವೆ ದೊಡ್ಡ ಪರದೆಯ ಮೇಲೆ ಅವನ ತಾಯಿ ಬರುತ್ತಾಳೆ, ಐದು ಅಂಗಡಿಗಳ ಹೆಸರು ಹೇಳುತ್ತಾಳೆ. ಅವಳ ಭಾಷೆ ತಿಳಿಯದ ಜನ ಕೆಳಗೆ ಕುಳಿತು ಬರೆದುಕೊಳ್ಳುತ್ತಾರೆ.

ಒಂದು ಶುಕ್ರವಾರ ಸಂಜೆ ಅವನು ಗೋಡೆಯ ಕನ್ನಡಿಯ ಎದುರು ನಿಂತು ಸೋಲಿಗೆ ಹೆದರಬೇಡಿ, ಅದು ಕಲಿಕೆಯ ಶುಲ್ಕ ಎಂಬ ಮರುದಿನದ ಮಾತನ್ನು ಅಭ್ಯಾಸ ಮಾಡುತ್ತಿದ್ದ. "ಫೇಲ್ಯೂರ್ ಸೇ ಡರೋ ಮತ್. ಫೇಲ್ಯೂರ್ ತೋ ಫೀಸ್ ಹೈ."

ಬಸಲಿಂಗವ್ವ ಒಲೆಯ ಬಳಿಯಿಂದ ಕೇಳಿದಳು: "ಫೀಸ್ ಅಂದ್ಯಲಾ, ಯಾರ ಕಟ್ಟಿದ್ದೋ?"

"ಅವ್ವಾ, ಪ್ಲೀಸ್. ನಂದೂ ರೊಕ್ಕ ಹೋಗ್ಯಾವ."

"ಹೋಗ್ಯಾವ, ಖರೆ. ಆದ್ರ ಸೋಮವ್ವ ಕಟ್ಟಿದ ಫೀಸಿನ್ಯಾಗ ಪಾಸಾಗಿ ಮಾಸ್ತರ ಆದಾಂವ ನೀ. ಆಕಿ ಇನ್ನೂ ಗಾಡಿ ನೂಕಾಕತ್ತಾಳ."

ಅವನು ಕನ್ನಡಿಯಿಂದ ಮುಖ ತಿರುಗಿಸಲಿಲ್ಲ. ದನಿ ತಗ್ಗಿಸಿ, ಅದೇ ಮಾತನ್ನು ಮತ್ತೆ ಮೊದಲಿನಿಂದ ಶುರುಮಾಡಿದ.

ಮರುದಿನ ಬೆಳಿಗ್ಗೆ ಬಸಲಿಂಗವ್ವ ಓಣಿಯ ಮೂಲೆಗೆ ಹೋದಳು. ಸೋಮವ್ವನ ಗಾಡಿಯಿಂದ ಕಾಯಿಪಲ್ಲೆ ಕೊಳ್ಳುವುದನ್ನು ಅವಳು ನಿಲ್ಲಿಸಿರಲಿಲ್ಲ, ಸೋಮವ್ವ ಕೊಡುವುದನ್ನೂ ನಿಲ್ಲಿಸಿರಲಿಲ್ಲ. ಆದರೆ ಎಂದಿನಂತೆ ಹತ್ತು ಗಂಟೆಗೆ ಹೋಗದೆ ಆ ದಿನ ಬೇಗ ಹೋದಳು. ಸೋಮವ್ವ ಆಗತಾನೆ ಗೋಣಿತಾಟು ಸರಿಸಿ ನೀರು ಚಿಮುಕಿಸುತ್ತಿದ್ದಳು.

"ಕೊತ್ತಂಬರಿ ಒಂದ ಸಿವುಡ ಕೊಡು."

ಸೋಮವ್ವ ತಲೆ ಎತ್ತಲಿಲ್ಲ. "ತಡಿ."

"ಇಟ್ಟಿದ್ದೆಲ್ಲ ಇಲ್ಲೇ ಐತಿ, ಎದಕ್ಕ ತಡೀಲಿ?"

"ಬೋಣಿಗಿ ಆಗಿಲ್ಲ. ಯಾರರ ಬರ್ಲಿ."

ಬಸಲಿಂಗವ್ವ ಅದನ್ನು ಕೇಳಲೆಂದೇ ಬಂದಿದ್ದಳು. ಬಹಳ ಕಾಲದಿಂದ ಹೇಳದೆ ಇಟ್ಟುಕೊಂಡಿದ್ದ ಮಾತು ಹೊರಗೆ ಬಂತು.

"ಸೋಮವ್ವಾ, ನನ್ನ ಕೈಯಾಗ ಏನೂ ಇಲ್ಲ. ಮೊದಲೂ ಇದ್ದಿದ್ದಿಲ್ಲ. ಹಣಮಂತಂದು ಬಸ್ ಸ್ಟಾಪಿನಿಂದ ನಡೀತು. ಬಳಿ ಅಂಗಡಿ ಮುಳುಗಿತು, ಅದಕ್ಕೂ ನಾನ ಬೋಣಿಗಿ ಮಾಡಿದ್ದೆ. ನಿನಗ ಗೊತ್ತಿಲ್ಲೇನು?"

ಸೋಮವ್ವ ಈಗ ಅವಳನ್ನು ನೇರ ನೋಡಿದಳು. "ನಾ ಹೊಸ್ತಿಲ ಮ್ಯಾಲ ಕುಂತು ಕೇಳಿದ್ನಲ್ಲಾ, ಅವತ್ತ ಹೇಳಬೇಕಾಗಿತ್ತಿದು."

ಬಸಲಿಂಗವ್ವ ಕೈಚೀಲವನ್ನು ಇನ್ನೊಂದು ಕೈಗೆ ಬದಲಿಸಿದಳು.

"ಈಗ ಹೇಳಬ್ಯಾಡ" ಎಂದಳು ಸೋಮವ್ವ, ಟೊಮೆಟೊಗಳನ್ನು ಒಂದೊಂದಾಗಿ ಒರೆಸಿಡುತ್ತ. "ನಿನ್ನ ಕೈಯಾಗ ಗುಣ ಇತ್ತು, ನೀ ಕೆಡಿಸಿಕೊಂಡಿ ಅಂದ್ರ ನಾ ಮೋಸ ಹೋದಾಕಿ. ನಾಕ ಮಂದಿ ಅಯ್ಯೋ ಅಂತಾರ. ಏನೂ ಇದ್ದಿದ್ದಿಲ್ಲ ಅಂದ್ರ ನಾ ಬರೇ ಹುಚ್ಚಿ. ನನ್ನ ಗಂಡ ದಿನಾ ಅದನ್ನ ಅಂತಾನ. ನೀನೂ ಅನಬ್ಯಾಡ."

ಅಷ್ಟರಲ್ಲಿ ಬಸ್ಸಿನಿಂದಿಳಿದ ಒಬ್ಬ ವಾಚ್‌ಮನ್ ಗಾಡಿಯ ಬಳಿ ನಿಂತು ಎರಡು ನಿಂಬೆಹಣ್ಣು ಆರಿಸಿಕೊಂಡ. ಸೋಮವ್ವ ಅವನ ನೋಟನ್ನು ಎರಡೂ ಕಣ್ಣಿಗೊತ್ತಿಕೊಂಡು, ತಕ್ಕಡಿಗೆ ಮುಟ್ಟಿಸಿ, ಡಬ್ಬಿಯೊಳಗಿಟ್ಟಳು. ಆಮೇಲೆ ಕೊತ್ತಂಬರಿಯ ಸಿವುಡೊಂದನ್ನು ನೀರು ಜಾಡಿಸಿ ಬಸಲಿಂಗವ್ವನ ಕೈಚೀಲಕ್ಕೆ ಹಾಕಿದಳು. ಹಳೆಯ ರೂಢಿಯಂತೆ ಮೇಲೆ ಎರಡು ಹಸಿಮೆಣಸಿನಕಾಯಿಯನ್ನೂ ಎಸೆದಳು. ಬಸಲಿಂಗವ್ವ ದುಡ್ಡು ಚಾಚಿದಳು. ಸೋಮವ್ವ ಕೈ ನೀಡಲಿಲ್ಲ, ಗಾಡಿಯ ಮೇಲಿನ ಗೋಣಿತಾಟನ್ನು ತೋರಿಸಿದಳು.

"ಅಲ್ಲಿಡು. ನಾ ಆಮ್ಯಾಲ ತಗೋತೀನಿ."